ಬಿಸಿನೆಸ್ ಪದವಿಯಲ್ಲಿ ಇನ್ಫರ್ಮೇಶನ್ ಸಿಸ್ಟಮ್ಸ್: ಇದು ಎಡಬಿಡಂಗಿ ಕೋರ್ಸಾ?

ಪ್ರಶ್ನೆ: ನಾನು ಬಿಸಿನೆಸ್ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಮುಂದಿನ ವರ್ಷಕ್ಕೆ ಮುಖ್ಯ ವಿಷಯ ಆರಿಸಿಕೊಳ್ಳಬೇಕು. ಇನ್ಫರ್ಮೇಶನ್ ಸಿಸ್ಟಮ್ಸ್ ತೆಗೆದುಕೊಳ್ಳುವ ಮನಸ್ಸಿದೆ. ಆದರೆ ಗೆಳೆಯರು, "ಕಂಪ್ಯೂಟರ್ ಬೇಕಿದ್ರೆ ಕಂಪ್ಯೂಟರ್ ಸೈನ್ಸ್ ಓದು, ಬಿಸಿನೆಸ್ ಬೇಕಿದ್ರೆ ಫೈನಾನ್ಸ್ ಓದು. ಇದು ಅತ್ತಲೂ ಇಲ್ಲ, ಇತ್ತಲೂ ಇಲ್ಲ" ಅನ್ನುತ್ತಾರೆ. ನನಗೆ ಕೋಡಿಂಗ್ ಬರುವುದಿಲ್ಲ. ಗಣಿತ ಅಷ್ಟಕ್ಕಷ್ಟೇ. ಈಗ ಎಐ ಬೇರೆ ಬಂದಿದೆ. ತೆಗೆದುಕೊಳ್ಳಲಾ, ಬೇಡವಾ? ತೆಗೆದುಕೊಂಡರೆ ಹೇಗೆ ಓದಬೇಕು? ಜೊತೆಗೆ ಒಂದು ಸಣ್ಣ ಪ್ರಶ್ನೆ: ಯಾವ ಲ್ಯಾಪ್‌ಟಾಪ್ ಕೊಳ್ಳಲಿ?

ಉತ್ತರ: ಮೊದಲು ನಿಮಗೇ ಒಂದು ಪ್ರಶ್ನೆ. ಯಾವುದೋ ಕಚೇರಿಯ ಕೌಂಟರ್ ಮುಂದೆ ಸಾಲಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಕೂತವರು ನಿಮ್ಮ ಹೆಸರನ್ನು ಒಂದು ಕಡೆ ಟೈಪ್ ಮಾಡುತ್ತಾರೆ. ಆಮೇಲೆ ಅದನ್ನೇ ಇನ್ನೊಂದು ಕಡೆ ಟೈಪ್ ಮಾಡುತ್ತಾರೆ. ಕೊನೆಗೆ ಪಕ್ಕದಲ್ಲಿರುವ ರಿಜಿಸ್ಟರ್‌ನಲ್ಲೂ ಬರೆದುಕೊಳ್ಳುತ್ತಾರೆ. ನೋಡುತ್ತಿರುವ ನಿಮಗೆ ಏನನ್ನಿಸುತ್ತದೆ? "ಎಷ್ಟು ಹೊತ್ತಪ್ಪಾ ಇವರದ್ದು" ಅಂತ ಮಾತ್ರ ಅನ್ನಿಸಿದರೆ ನೀವು ಎಲ್ಲರ ಹಾಗೆ. "ಮೂರು ಸಲ ಯಾಕೆ? ಮೂರರಲ್ಲಿ ಒಂದು ತಪ್ಪಿದರೆ ಇವರು ಯಾವುದನ್ನು ನಂಬುತ್ತಾರೆ?" ಅಂತಲೂ ಅನ್ನಿಸಿದರೆ ಈ ವಿಷಯ ನಿಮಗೆ ಹಿಡಿಸುತ್ತದೆ. ಕೋಡಿಂಗ್, ಗಣಿತದ ಮಾತೆಲ್ಲ ಆಮೇಲೆ.

ಅರ್ಧ ಕಂಪ್ಯೂಟರ್, ಅರ್ಧ ಬಿಸಿನೆಸ್ ಸೇರಿಸಿದರೆ ಇನ್ಫರ್ಮೇಶನ್ ಸಿಸ್ಟಮ್ಸ್ ಆಗುತ್ತದೆ ಅಂತ ನಿಮ್ಮ ಗೆಳೆಯರು ಅಂದುಕೊಂಡಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರಿಪೋರ್ಟ್ ನನ್ನ ಆ ಭ್ರಮೆ ಬಿಡಿಸಿತು.

ನಾನಿದ್ದ ಕಂಪನಿಯ ದೊಡ್ಡವರು ಒಂದು ದಿನ ಕರೆದು, "ನಮಗೆ ಒಟ್ಟು ಎಷ್ಟು ಗ್ರಾಹಕರಿದ್ದಾರೆ? ಒಂದು ರಿಪೋರ್ಟ್ ಮಾಡಿಕೊಡಿ" ಅಂದರು. ಅರ್ಧ ದಿನದ ಕೆಲಸ ಅಂದುಕೊಂಡೆ. ಮಾಡಿಕೊಟ್ಟೆ. ಮಾರಾಟ ವಿಭಾಗದವರು "ಇದು ತಪ್ಪು, ಇನ್ನೂ ಜಾಸ್ತಿ ಇದ್ದಾರೆ" ಅಂದರು. ಲೆಕ್ಕಪತ್ರದವರು "ತಪ್ಪು, ಇಷ್ಟೊಂದಿಲ್ಲ" ಅಂದರು. ಸರಕು ಕಳಿಸುವವರ ಹತ್ತಿರ ಮೂರನೆಯದೇ ಒಂದು ಸಂಖ್ಯೆ ಇತ್ತು. ನಾನು ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆ ಅಂತ ಮೂರು ವಾರ ಹುಡುಕಿದೆ. ಪ್ರೋಗ್ರಾಮ್ ಸರಿಯಾಗೇ ಇತ್ತು. ದರ ಕೇಳಿ ಫೋನ್ ಮಾಡಿದವರೆಲ್ಲ ಮಾರಾಟದವರಿಗೆ ಗ್ರಾಹಕರು. ಲೆಕ್ಕಪತ್ರದವರಿಗೆ ಬಿಲ್ ಹೋಗಿದ್ದರೆ ಮಾತ್ರ ಗ್ರಾಹಕರು. ಸರಕು ಕಳಿಸುವವರಿಗೆ ಒಂದೊಂದು ವಿಳಾಸವೂ ಒಬ್ಬೊಬ್ಬ ಗ್ರಾಹಕ. ನಾಲ್ಕು ಶಾಖೆ ಇರುವ ಒಂದೇ ಸಂಸ್ಥೆ ಇವರಿಗೆ ನಾಲ್ಕು, ಲೆಕ್ಕಪತ್ರಕ್ಕೆ ಒಂದು.

ಮೂರೂ ವಿಭಾಗದ ಮುಖ್ಯಸ್ಥರನ್ನು ಒಂದು ಮಧ್ಯಾಹ್ನ ಒಟ್ಟಿಗೆ ಕೂರಿಸಿದಾಗ ವಿಷಯ ಬಗೆಹರಿಯಿತು. ಆ ಮಧ್ಯಾಹ್ನ ನಾನು ಮಾಡಿದ್ದೇ ಇನ್ಫರ್ಮೇಶನ್ ಸಿಸ್ಟಮ್ಸ್ ಕೆಲಸ. ಅದಕ್ಕೂ ಹಿಂದಿನ ಮೂರು ವಾರ ಮಾಡಿದ್ದು ಸುಮ್ನೆ ಬೆವರು ಸುರಿಸಿದ್ದು.

ಕಂಪ್ಯೂಟರ್ ಸೈನ್ಸ್ ಓದಿದವರು ಕೋಟಿ ಗ್ರಾಹಕರ ಪಟ್ಟಿಯಲ್ಲಿ ಒಬ್ಬರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕುವುದು ಹೇಗೆ ಅಂತ ಕಲಿತಿರುತ್ತಾರೆ. ಫೈನಾನ್ಸ್ ಓದಿದವರು ಆ ಗ್ರಾಹಕರಿಂದ ಬರುವ ಹಣದ ಲೆಕ್ಕ ಹಾಕುತ್ತಾರೆ. ಗ್ರಾಹಕ ಅಂದರೆ ಯಾರು, ಅದನ್ನು ಯಾರು ತೀರ್ಮಾನಿಸಬೇಕು, ತೀರ್ಮಾನಿಸಿದ ಮೇಲೆ ಯಾರ ಕೆಲಸ ಹೇಗೆ ಬದಲಾಗುತ್ತದೆ? ಈ ಪ್ರಶ್ನೆಗಳು ಇಬ್ಬರ ಸಿಲಬಸ್‌ನಲ್ಲೂ ಇಲ್ಲ. ನೀವು ಓದುವ ವಿಷಯದಲ್ಲಿವೆ.

ಇದು ಹೊಸ ಫ್ಯಾಷನ್ ಏನೂ ಅಲ್ಲ. ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರನ್ನು ನಿಯಮಿತವಾಗಿ ಮೊದಲು ದುಡಿಸಿಕೊಂಡದ್ದು ಯಾವ ಕಂಪನಿ ಅಂತ ಊಹಿಸಿ. ಬ್ರಿಟನ್ನಿನ ಜೆ. ಲಯನ್ಸ್ ಅಂಡ್ ಕಂಪನಿ. ಟೀ ಅಂಗಡಿಗಳನ್ನು ನಡೆಸುತ್ತಿದ್ದವರು, ಕೇಕು ಬ್ರೆಡ್ಡು ಮಾಡಿ ಮಾರುತ್ತಿದ್ದವರು! ತಮಗೆ ಬೇಕಾದ ಕಂಪ್ಯೂಟರನ್ನು ತಾವೇ ಕಟ್ಟಿಸಿಕೊಂಡು ಅದಕ್ಕೆ ಲಿಯೋ ಅಂತ ಹೆಸರಿಟ್ಟರು. 1951ರ ನವೆಂಬರ್‌ನಲ್ಲಿ ಅದು ಬೇಕರಿ ವಿಭಾಗದ ಲೆಕ್ಕ ಹಾಕಲು ಶುರು ಮಾಡಿತು. ಟೀ ಅಂಗಡಿಯವರಿಗೆ ಇದು ಹೇಗೆ ಸಾಧ್ಯವಾಯಿತು? ಕಚೇರಿ ಕೆಲಸ ಹೇಗೆ ಸಾಗುತ್ತದೆ ಅಂತ ನೋಡುವುದಕ್ಕೇ ಅವರಲ್ಲಿ ಒಂದು ವಿಭಾಗ ಇತ್ತು. ಕಂಪ್ಯೂಟರ್ ಬರುವ ಎಷ್ಟೋ ವರ್ಷ ಮೊದಲಿಂದ ಇತ್ತು. ಕೆಲಸವನ್ನು ಅರ್ಥ ಮಾಡಿಕೊಂಡಿದ್ದರು, ಯಂತ್ರ ಆಮೇಲೆ ಬಂತು.

ವಿಶ್ವವಿದ್ಯಾಲಯಗಳು ಇದನ್ನು ಒಂದು ವಿಷಯವಾಗಿ ಕಲಿಸಲು ಹೊರಟದ್ದು ಆಮೇಲೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಡೇವಿಸ್ 1960ರ ದಶಕದ ಕೊನೆಯಲ್ಲಿ ಇದಕ್ಕೆ ತಳಪಾಯ ಹಾಕಿದರು. ಈ ಕ್ಷೇತ್ರದ ಹೆಸರಾಂತ ಸಂಶೋಧನಾ ಪತ್ರಿಕೆ ಎಂಐಎಸ್ ಕ್ವಾರ್ಟರ್ಲಿ 1977ರಲ್ಲಿ ಅಲ್ಲಿಂದಲೇ ಹೊರಟಿತು. ಅಂದರೆ ನಿಮ್ಮ ಗೆಳೆಯರು ಎಡಬಿಡಂಗಿ ಅನ್ನುತ್ತಿರುವ ಈ ವಿಷಯಕ್ಕೆ ಅರ್ಧ ಶತಮಾನಕ್ಕೂ ಜಾಸ್ತಿ ವಯಸ್ಸಾಗಿದೆ.

ಇನ್ನು ಓದಿನ ಮಾತು. ಹೆಚ್ಚಿನ ಕಡೆ ಡೇಟಾಬೇಸ್ (ಮಾಹಿತಿಯನ್ನು ಜೋಡಿಸಿಡುವ ವ್ಯವಸ್ಥೆ), ಸಿಸ್ಟಮ್ಸ್ ಅನಾಲಿಸಿಸ್ (ಕೆಲಸ ಹೇಗೆ ಸಾಗುತ್ತದೆ ಅಂತ ಪತ್ತೆ ಮಾಡುವುದು), ಇಆರ್‌ಪಿ, ನೆಟ್‌ವರ್ಕ್ ಮತ್ತು ಭದ್ರತೆ, ಡೇಟಾ ಅನಾಲಿಟಿಕ್ಸ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇರುತ್ತವೆ. ಎಲ್ಲಕ್ಕೂ ಒಂದೇ ತೂಕ ಕೊಡಬೇಡಿ. ಮೊದಲಿನ ಎರಡನ್ನು ಗಟ್ಟಿ ಮಾಡಿಕೊಂಡರೆ ಉಳಿದವು ತಾವಾಗೇ ದಾರಿಗೆ ಬರುತ್ತವೆ.

ಡೇಟಾಬೇಸ್ ಅಂದಾಗ, ಅದರಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಆಜ್ಞೆಗಳನ್ನು ಬಾಯಿಪಾಠ ಮಾಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಆಜ್ಞೆಗಳು ಒಂದು ತಿಂಗಳಲ್ಲಿ ಬರುತ್ತವೆ. ಕಷ್ಟ ಇರುವುದು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಒಂದು ಲೇಖನ ಬರೆದರು. ಮಾಹಿತಿಯನ್ನು ಸರಳವಾದ ಟೇಬಲ್‌ಗಳಾಗಿ ನೋಡಿ, ಅದು ಯಂತ್ರದೊಳಗೆ ಎಲ್ಲಿ ಹೇಗೆ ಕೂತಿದೆ ಅನ್ನುವ ಚಿಂತೆ ಬಳಸುವವರಿಗೆ ಬೇಡ ಅನ್ನುವುದು ಅದರ ತಿರುಳು. ಒಂದು ಸಂಗತಿಯನ್ನು ಒಂದೇ ಕಡೆ ಇಡಿ, ಬೇಕಾದ ಕಡೆಯಿಂದ ಅದರತ್ತ ಬೆರಳು ತೋರಿಸಿ ಅನ್ನುವ ಶಿಸ್ತು ಇದರಿಂದ ಬೆಳೆಯಿತು. 1976ರಲ್ಲಿ ಪೀಟರ್ ಚೆನ್, ಟೇಬಲ್ ಕಟ್ಟುವ ಮೊದಲು ಚಿತ್ರ ಬರೆಯುವ ವಿಧಾನ ಕೊಟ್ಟರು. ಯಾವ ಯಾವ ವಸ್ತುಗಳಿವೆ, ಅವುಗಳ ನಡುವೆ ಏನು ಸಂಬಂಧ, ಒಂದಕ್ಕೆ ಒಂದಾ, ಒಂದಕ್ಕೆ ಹಲವಾ? ಇಆರ್ ಡಯಾಗ್ರಾಮ್ ಅಂತ ನೀವು ಕ್ಲಾಸಿನಲ್ಲಿ ಬರೆಯುವುದು ಇದನ್ನೇ.

ನನ್ನ ಗ್ರಾಹಕರ ಜಗಳವನ್ನು ಈ ಕಣ್ಣಿನಿಂದ ನೋಡಿ. ವಿಚಾರಿಸಿದವರು, ಬಿಲ್ ಪಡೆದವರು, ಸರಕು ಇಳಿಯುವ ವಿಳಾಸ, ಈ ಮೂರೂ ಬೇರೆ ಬೇರೆ ವಸ್ತುಗಳು. ಮೂರನ್ನೂ "ಗ್ರಾಹಕ" ಅನ್ನುವ ಒಂದೇ ಹೆಸರಿನಲ್ಲಿ ಕರೆದದ್ದೇ ಎಡವಟ್ಟು. ಕಾಗದದ ಮೇಲೆ ಮೂರು ಚೌಕ ಬರೆದು ನಡುವೆ ಗೆರೆ ಎಳೆದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆದ್ದರಿಂದ ಈ ಡಯಾಗ್ರಾಮ್‌ಗಳನ್ನು ಮಾರ್ಕ್ಸಿಗೋಸ್ಕರ ಬರೆಯುವ ಚಿತ್ರ ಅಂದುಕೊಳ್ಳಬೇಡಿ. ಎರಡು ವಿಭಾಗದವರನ್ನು ಒಂದೇ ಮೇಜಿಗೆ ಕರೆತರಲು ಇದಕ್ಕಿಂತ ಅಗ್ಗದ ಸಾಧನ ನಾನು ಕಂಡಿಲ್ಲ.

ಸಿಸ್ಟಮ್ಸ್ ಅನಾಲಿಸಿಸ್ ಪುಸ್ತಕದಲ್ಲಿ ಓದಿದರೆ ಬೋರು, ಜಾಗಕ್ಕೆ ಹೋಗಿ ನೋಡಿದರೆ ಪತ್ತೇದಾರಿ. ಕೆಲಸ ಹೇಗೆ ನಡೆಯುತ್ತದೆ ಅಂತ ಮ್ಯಾನೇಜರ್‌ನ ಕೇಳಿದರೆ ಅವರು ಹೇಗೆ ನಡೆಯಬೇಕು ಅನ್ನುವುದನ್ನು ಹೇಳುತ್ತಾರೆ. ಸುಳ್ಳು ಹೇಳುವುದಿಲ್ಲ, ಅವರಿಗೆ ಗೊತ್ತಿರುವುದೇ ಅಷ್ಟು. ನಿಜವಾಗಿ ಏನು ನಡೆಯುತ್ತದೆ ಅನ್ನುವುದು ಗುಮಾಸ್ತರ ಮೇಜಿನ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಅವರು ಯಾರಿಗೂ ತೋರಿಸದೆ ಇಟ್ಟುಕೊಂಡ ಎಕ್ಸೆಲ್ ಫೈಲಿನಲ್ಲಿರುತ್ತದೆ. ಅಧಿಕೃತ ಸಾಫ್ಟ್‌ವೇರ್ ಇದ್ದೂ ಜನ ಪಕ್ಕದಲ್ಲಿ ಒಂದು ಎಕ್ಸೆಲ್ ಇಟ್ಟುಕೊಂಡಿದ್ದಾರೆ ಅಂದರೆ ಆ ಸಾಫ್ಟ್‌ವೇರ್‌ನಲ್ಲಿ ಏನೋ ಕೊರತೆ ಇದೆ. ಅವರನ್ನು ಬೈಯಬೇಡಿ, ಆ ಫೈಲು ಕೇಳಿ ತೆಗೆದುಕೊಳ್ಳಿ. ಹೊಸ ಸಿಸ್ಟಮ್‌ನಲ್ಲಿ ಏನೇನಿರಬೇಕು ಅನ್ನುವುದರ ಪಟ್ಟಿ ಅದರಲ್ಲೇ ಇರುತ್ತದೆ.

ಅಂತಹ ಫೈಲು ಇಡೀ ವ್ಯವಸ್ಥೆಯ ಭಾರ ಹೊತ್ತರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಒಂದು ಕಡೆ ಸೇರಿಸುವಾಗ ಎಕ್ಸೆಲ್‌ನ ಹಳೆಯ ಮಾದರಿಯ ಫೈಲು ಬಳಸಿತ್ತು. ಆ ಮಾದರಿಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ತುಂಬಿದ ಮೇಲೆ ಬಂದವು ಬಿಟ್ಟುಹೋದವು. ಹೀಗೆ ಲೆಕ್ಕದಿಂದ ತಪ್ಪಿದ್ದು 15,841 ಸೋಂಕಿತರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಇಲ್ಲಿ ಮೇಧಾವಿ ಪ್ರೋಗ್ರಾಮರ್ ಬೇಕಿರಲಿಲ್ಲ. "ಈ ಫೈಲಿಗೆ ಎಷ್ಟು ಸಾಲು ಹಿಡಿಯುತ್ತೆ? ತುಂಬಿದರೆ ಯಾರಿಗೆ ಗೊತ್ತಾಗುತ್ತೆ?" ಅಂತ ಕೇಳುವ ಒಬ್ಬರು ಬೇಕಿತ್ತು.

ಇಆರ್‌ಪಿ ಬಗ್ಗೆ ಸ್ವಲ್ಪ. ಲೆಕ್ಕಪತ್ರ, ದಾಸ್ತಾನು, ಮಾರಾಟ, ಸಂಬಳ ಎಲ್ಲವನ್ನೂ ಒಂದೇ ವ್ಯವಸ್ಥೆಗೆ ಪೋಣಿಸುವ ದೊಡ್ಡ ಸಾಫ್ಟ್‌ವೇರ್ ಇದು. 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಜರ್ಮನಿಯಲ್ಲಿ ಕಟ್ಟಿದ ಎಸ್‌ಎಪಿ ಇದರಲ್ಲಿ ದೊಡ್ಡ ಹೆಸರು. ಕ್ಲಾಸಿನಲ್ಲಿ ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಡುತ್ತಾರೆ. ಅದನ್ನು ಮರೆತರೂ ನಷ್ಟವಿಲ್ಲ. ನೆನಪಿಡಬೇಕಾದದ್ದು ಹರ್ಷೀಸ್ ಕಥೆ. ಅಮೆರಿಕದ ಈ ಚಾಕೊಲೇಟ್ ಕಂಪನಿ 1999ರಲ್ಲಿ ಇಂತಹ ವ್ಯವಸ್ಥೆ ತಂದಿತು. ನಾಲ್ಕು ವರ್ಷ ಬೇಕು ಅಂದಿದ್ದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿದ್ದರು. ಏಪ್ರಿಲ್‌ನಲ್ಲಿ ಶುರುವಾಗಬೇಕಿದ್ದದ್ದು ಜುಲೈಗೆ ಜಾರಿತು. ಅಂದರೆ ಅಕ್ಟೋಬರ್ ಕೊನೆಗೆ ಮಕ್ಕಳಿಗೆ ಸಿಹಿ ಹಂಚುವ ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬಂದು ಬೀಳುವ ಹೊತ್ತಿಗೆ ಸರಿಯಾಗಿ! ಗೋದಾಮಿನಲ್ಲಿ ಸರಕಿತ್ತು, ಅಂಗಡಿಗಳಿಗೆ ತಲುಪಲಿಲ್ಲ. ಸುಮಾರು 10 ಕೋಟಿ ಡಾಲರ್ ಮೊತ್ತದ ಆರ್ಡರ್‌ಗಳನ್ನು ಪೂರೈಸಲಾಗಲಿಲ್ಲ. ಬೆಳೆ ಕೊಯ್ಲಿನ ದಿನ ಗಾಡಿಯ ಚಕ್ರ ಬಿಚ್ಚಿದ ಹಾಗೆ. ವರ್ಷದಲ್ಲಿ ಯಾವ ತಿಂಗಳು ಕೆಲಸ ಜಾಸ್ತಿ ಅನ್ನುವುದು ಕಂಪ್ಯೂಟರ್ ಜ್ಞಾನ ಅಲ್ಲ. ಬಿಸಿನೆಸ್ ಓದಿದ ನಿಮಗೆ ಗೊತ್ತಿರಬೇಕಾದದ್ದು.

ನೆಟ್‌ವರ್ಕ್, ಕ್ಲೌಡ್ ಇವು ಅರ್ಥವಾಗುವಷ್ಟು ಓದಿಕೊಳ್ಳಿ, ಸಾಕು. ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಅನ್ನುವ ಬಗ್ಗೆ ಫ್ರೆಡ್ ಡೇವಿಸ್ ಅವರ 1989ರ ಮಾದರಿ ಖಂಡಿತ ಪಾಠದಲ್ಲಿ ಬರುತ್ತದೆ. ಉಪಯೋಗ ಇದೆ ಅನ್ನಿಸಬೇಕು, ಬಳಸುವುದು ಸುಲಭ ಅನ್ನಿಸಬೇಕು, ಇಷ್ಟೇ. ಒಳ್ಳೆಯ ಮಾದರಿ. ಆದರೆ ಅದನ್ನಿಟ್ಟುಕೊಂಡು ಸಹಪಾಠಿಗಳಿಗೆ ಪ್ರಶ್ನಾವಳಿ ಹಂಚಿ ಬರೆಯುವ ಪ್ರಾಜೆಕ್ಟ್‌ಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ದಯವಿಟ್ಟು ನೀವು ಅದನ್ನು ಮಾಡಬೇಡಿ.

ನಿಯಂತ್ರಣ ಮತ್ತು ಲೆಕ್ಕ ತಪಾಸಣೆಯ ಪಾಠವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ 1999ರಿಂದ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಂತು. ಅದರ ದೋಷಗಳಿಂದ ಶಾಖೆಗಳಲ್ಲಿ ಹಣ ಕಮ್ಮಿ ಇದ್ದ ಹಾಗೆ ಕಾಣಿಸುತ್ತಿತ್ತು. ಶಾಖೆ ನಡೆಸುವವರು "ನಾವು ಮುಟ್ಟಿಲ್ಲ" ಅಂದರೆ ಯಾರೂ ನಂಬಲಿಲ್ಲ. ಕಂಪ್ಯೂಟರ್ ಸರಿಯಾಗೇ ಇದೆ ಅಂತ ನ್ಯಾಯಾಲಯ ಮೊದಲೇ ಎಣಿಸುವ ನಿಯಮವೂ ಅಲ್ಲಿತ್ತು. 900ಕ್ಕೂ ಹೆಚ್ಚು ಜನ ಅಪರಾಧಿಗಳು ಅಂತ ತೀರ್ಪಾಯಿತು, ಕೆಲವರು ಜೈಲಿಗೂ ಹೋದರು. ಸಾಫ್ಟ್‌ವೇರ್‌ನಲ್ಲಿ ದೋಷಗಳಿದ್ದವು ಅಂತ ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದು ಮಾಡಲು 2024ರಲ್ಲಿ ಕಾನೂನನ್ನೇ ತರಬೇಕಾಯಿತು. ಒಂದು ಲೆಕ್ಕವನ್ನು ಯಾರು, ಯಾವಾಗ, ಎಲ್ಲಿಂದ ತಿದ್ದಿದರು ಅನ್ನುವ ದಾಖಲೆಗೆ ಆಡಿಟ್ ಟ್ರೇಲ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಅದು ಎರಡು ಮಾರ್ಕಿನ ಪ್ರಶ್ನೆ. ಆ ಜನರಿಗೆ ಅದು ಬದುಕಿನ ಪ್ರಶ್ನೆ ಆಗಿತ್ತು.

ಈ ಕಾರಣಕ್ಕೇ ಇನ್ನೊಂದು ಸಲಹೆ. ಜೊತೆಗೆ ಎರಡನೇ ವಿಷಯ ತೆಗೆದುಕೊಳ್ಳುವ ಅವಕಾಶ ಇದ್ದರೆ ಅಕೌಂಟಿಂಗ್ ತೆಗೆದುಕೊಳ್ಳಿ. ಮಾರ್ಕೆಟಿಂಗ್ ಜೊತೆ ಅನಾಲಿಟಿಕ್ಸ್ ಕೇಳಲು ಚೆನ್ನಾಗಿರುತ್ತದೆ, ನಿಜ. ಆದರೆ ಕಂಪನಿಯ ಯಾವ ಕೆಲಸವೇ ಆಗಲಿ, ಕೊನೆಗೆ ಲೆಕ್ಕದ ಪುಸ್ತಕಕ್ಕೆ ಬಂದೇ ಬರುತ್ತದೆ. ಡೆಬಿಟ್ ಕ್ರೆಡಿಟ್ ಗೊತ್ತಿರುವವರಿಗೆ ಯಾವ ಸಿಸ್ಟಮ್ ಆದರೂ ಬೇಗ ಅರ್ಥವಾಗುತ್ತದೆ. ಐಟಿ ಆಡಿಟ್ ಅನ್ನುವ ಒಂದು ಇಡೀ ವೃತ್ತಿಯೇ ಈ ಜೋಡಿಯ ಮೇಲೆ ನಿಂತಿದೆ.

ಕೋಡಿಂಗ್ ಎಷ್ಟು ಬೇಕು? ಎಸ್‌ಕ್ಯೂಎಲ್ ಚೆನ್ನಾಗಿ ಬರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಒಂದು ಫೈಲು ಓದಿ, ಸ್ವಚ್ಛ ಮಾಡಿ, ಎಣಿಸುವಷ್ಟು ಬಂದರೆ ಸಾಕು. ಬೇರೆಯವರು ಬರೆದ ಪ್ರೋಗ್ರಾಮ್ ಓದಿ "ಇದು ಏನು ಮಾಡುತ್ತಿದೆ" ಅಂತ ಹೇಳಲು ಬರಬೇಕು. ಹಟ ಹಿಡಿದು ಆರು ತಿಂಗಳು ದಿನಕ್ಕೊಂದು ಗಂಟೆ ಕೂತರೆ ಇದೆಲ್ಲ ಆಗುವ ಕೆಲಸ. ಗಣಿತದಲ್ಲಿ ಕ್ಯಾಲ್ಕುಲಸ್‌ಗೆ ಹೆದರಬೇಡಿ, ಅದರ ಕೆಲಸ ಇಲ್ಲಿ ಕಮ್ಮಿ. ಸಂಖ್ಯಾಶಾಸ್ತ್ರ ಮಾತ್ರ ಬಿಡುವ ಹಾಗಿಲ್ಲ. ಸರಾಸರಿ ಯಾವಾಗ ದಾರಿ ತಪ್ಪಿಸುತ್ತದೆ, ಸ್ಯಾಂಪಲ್ ಅಂದರೇನು ಅನ್ನುವುದು ಗೊತ್ತಿಲ್ಲದೆ, ಅಂಕಿಅಂಶಗಳನ್ನು ಒಂದೇ ಪರದೆಯಲ್ಲಿ ಚಿತ್ರವಾಗಿ ತೋರಿಸುವ ಡ್ಯಾಶ್‌ಬೋರ್ಡ್ ಮಾಡುವವರು ಬಣ್ಣ ಬಣ್ಣದ ತಪ್ಪುಗಳನ್ನು ಮಾಡುತ್ತಾರೆ.

ಅಂದಹಾಗೆ, ಎಕ್ಸೆಲ್ ತರಹದ ಸ್ಪ್ರೆಡ್‌ಶೀಟ್ ಹುಟ್ಟಿದ್ದೂ ಬಿಸಿನೆಸ್ ಕ್ಲಾಸಿನಲ್ಲೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್‌ಗೆ, ಒಂದು ಅಂಕಿ ಬದಲಾದರೆ ಉಳಿದವೆಲ್ಲ ತಾವಾಗೇ ಬದಲಾಗುವ ಲೆಕ್ಕದ ಹಾಳೆ ಇದ್ದರೆ ಹೇಗೆ ಅನ್ನಿಸಿತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಅನ್ನುವ ಅಂತಹ ಪ್ರೋಗ್ರಾಮ್ ತಂದರು. ಬ್ರಿಕ್ಲಿನ್ ಮೊದಲೇ ಕಂಪ್ಯೂಟರ್ ಓದಿದ್ದವರು, ಒಪ್ಪುತ್ತೇನೆ. ಆದರೆ ಕಂಪ್ಯೂಟರ್ ಓದಿದವರು ಆಗ ಬೇರೆಯವರೂ ಇದ್ದರಲ್ವಾ? ಲೆಕ್ಕದ ಕಿರಿಕಿರಿ ಅನುಭವಿಸುವ ಜಾಗದಲ್ಲಿ ಕೂತಿದ್ದವರು ಇವರು.

ಎಐ ವಿಚಾರಕ್ಕೆ ಬರೋಣ. ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಇಂತಿಷ್ಟು ಕಾಲಂ ಇರುವ ರಿಪೋರ್ಟ್ ಬೇಕು ಅಂದರೆ ಅದಕ್ಕೆ ಬೇಕಾದ ಎಸ್‌ಕ್ಯೂಎಲ್ ಅನ್ನು ಎಐ ಈಗಾಗಲೇ ಬರೆದುಕೊಡುತ್ತದೆ. ಹೊಸಬರಿಗೆ ಕೊಡುತ್ತಿದ್ದ ಅಂತಹ ಸಣ್ಣ ಸಣ್ಣ ಕೆಲಸಗಳು ಕಮ್ಮಿಯಾಗುತ್ತವೆ. ಅಷ್ಟನ್ನೇ ನಂಬಿ ಈ ಕೋರ್ಸ್ ಓದುವುದಾದರೆ ನನಗೂ ಅನುಮಾನವಿದೆ. ಆದರೆ "ಗ್ರಾಹಕರು ಎಷ್ಟು" ಅಂತ ಎಐಯನ್ನು ಕೇಳಿದರೆ ಅದೂ ಒಂದು ಸಂಖ್ಯೆ ಕೊಡುತ್ತದೆ. ನಾನು ಮೊದಲ ದಿನ ಅರ್ಧ ದಿನದಲ್ಲಿ ಕೊಟ್ಟ ಹಾಗೆ. ಅದಕ್ಕೆ ಅರ್ಧ ನಿಮಿಷ ಸಾಕು, ವ್ಯತ್ಯಾಸ ಅಷ್ಟೇ. ಆ ಸಂಖ್ಯೆ ಯಾರ ಅರ್ಥದ್ದು ಅಂತ ಕೇಳುವವರು ಇಲ್ಲದಿದ್ದರೆ ತಪ್ಪು ಇನ್ನೂ ಬೇಗ ಹಬ್ಬುತ್ತದೆ. ಆದ್ದರಿಂದ ಎಐ ಬಳಸಿ, ಅದು ಬರೆದ ಪ್ರತಿ ಸಾಲನ್ನೂ ಓದಿ ಅರ್ಥ ಮಾಡಿಕೊಳ್ಳಿ. ನಿಮ್ಮ ಹೋಮ್‌ವರ್ಕನ್ನು ಅದಕ್ಕೇ ಒಪ್ಪಿಸಿಬಿಟ್ಟರೆ ತಪ್ಪು ಹಿಡಿಯುವ ಕಣ್ಣು ಬೆಳೆಯುವುದಿಲ್ಲ.

ಸೇರುವ ಮೊದಲು ನಿಮ್ಮ ವಿಶ್ವವಿದ್ಯಾಲಯದ ಸಿಲಬಸ್ ತೆಗೆದು ನೋಡಿ. ಎಸಿಎಂ ಮತ್ತು ಎಐಎಸ್ ಅನ್ನುವ ಎರಡು ಅಂತರರಾಷ್ಟ್ರೀಯ ಸಂಘಗಳು ಸೇರಿ ಈ ವಿಷಯದ ಪದವಿಗೆ ಐಎಸ್2020 ಅನ್ನುವ ಮಾದರಿ ಪಠ್ಯಕ್ರಮ ಮಾಡಿವೆ. ಅದನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಮೂರು ವಿಷಯ ನೋಡಿ. ಡೇಟಾಬೇಸ್‌ಗೆ ಪೂರ್ತಿ ಒಂದು ಸೆಮಿಸ್ಟರ್ ಇದೆಯಾ, ಇಲ್ಲಾ ಯಾವುದೋ ಪೇಪರಿನ ಎರಡು ಅಧ್ಯಾಯವಾ? ನಿಜವಾದ ಸಂಸ್ಥೆಗೆ ಹೋಗಿ ಮಾಡುವ ಪ್ರಾಜೆಕ್ಟ್ ಇದೆಯಾ? ಪಾಠ ಮಾಡುವವರಲ್ಲಿ ಕೆಲವರಾದರೂ ಹೊರಗೆ ಇಂತಹ ಕೆಲಸ ಮಾಡಿ ಬಂದವರಾ? ಮೂರಕ್ಕೂ ಇಲ್ಲ ಅಂತ ಉತ್ತರ ಬಂದರೆ, ಬರೀ ಸಾಫ್ಟ್‌ವೇರ್‌ಗಳ ಹೆಸರಿನಿಂದ ಸಿಲಬಸ್ ತುಂಬಿದ್ದರೆ, ನಿಮ್ಮ ಗೆಳೆಯರ ಮಾತು ಆ ಕೋರ್ಸಿನ ಮಟ್ಟಿಗೆ ಸರಿ. ಆಗ ಅಕೌಂಟಿಂಗ್ ಓದಿ, ಡೇಟಾಬೇಸ್ ಪೇಪರನ್ನು ಕಂಪ್ಯೂಟರ್ ವಿಭಾಗದಲ್ಲಿ ಕೇಳಿ ತೆಗೆದುಕೊಳ್ಳಿ.

ಇನ್ನೂ ಅನುಮಾನ ಇದ್ದರೆ ಈ ಸೆಮಿಸ್ಟರ್‌ನಲ್ಲೇ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪುಸ್ತಕ ಕೇಳಿದಾಗಿನಿಂದ ಅದು ವಾಪಸ್ ಕಪಾಟು ಸೇರುವವರೆಗೆ ಏನೇನು ನಡೆಯುತ್ತದೆ ಅಂತ ಬರೆಯಿರಿ. ಯಾರು ಏನು ಬರೆದುಕೊಳ್ಳುತ್ತಾರೆ, ಎಲ್ಲಿ ಕಾಯಬೇಕು, ಪುಸ್ತಕ ಕಳೆದುಹೋದರೆ ಏನು, ದಂಡ ಮಾಫಿ ಮಾಡಿದರೆ ಅದು ಎಲ್ಲಿ ದಾಖಲಾಗುತ್ತದೆ. ಒಂದೇ ಪುಸ್ತಕದ ಐದು ಪ್ರತಿ ಇದ್ದರೆ ಅದು ಒಂದು ಪುಸ್ತಕವಾ, ಐದಾ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಸಂಜೆ ಕಳೆದದ್ದೇ ಗೊತ್ತಾಗಲಿಲ್ಲ ಅಂದರೆ ಮರುದಿನ ಹೋಗಿ ಫಾರ್ಮ್ ತುಂಬಿ. ಎರಡನೇ ಪುಟದಲ್ಲೇ ಆಕಳಿಕೆ ಬಂದರೆ ಫೈನಾನ್ಸ್ ಒಳ್ಳೆಯ ವಿಷಯ, ಅದನ್ನೇ ಓದಿ.

ಲ್ಯಾಪ್‌ಟಾಪ್ ಬಗ್ಗೆ ಕೇಳಿದ್ದಿರಿ. ಈಗಿರುವುದು ಕೆಲಸ ಮಾಡುತ್ತಿದ್ದರೆ ಹೊಸದು ಬೇಡ. ಎಸ್‌ಕ್ಯೂಎಲೈಟ್, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ಗಳು, ಪೈಥಾನ್, ಮೂರೂ ಉಚಿತ, ಮಾಮೂಲಿ ಯಂತ್ರದಲ್ಲಿ ಆರಾಮಾಗಿ ಓಡುತ್ತವೆ. ಕೊಳ್ಳಲೇಬೇಕಿದ್ದರೆ 16 ಜಿಬಿ ರ್‍ಯಾಮ್ ಇರುವುದನ್ನು ನೋಡಿ. ಗೇಮ್ ಆಡುವವರ ದುಬಾರಿ ಗ್ರಾಫಿಕ್ಸ್ ಕಾರ್ಡ್ ನಿಮ್ಮ ಓದಿಗೆ ಬೇಕಿಲ್ಲ. ಮನೆಯಲ್ಲಿ ಕೇಳಿದರೆ ಬೇಕು ಅಂತ ನಾನು ಹೇಳಿದೆ ಅನ್ನಬೇಡಿ!